ಮತ್ತೆ ಮತ್ತೆ ಆಗುವ ಪಂಕ್ಚರ್: ಎನ್‌ಎಚ್ 44ರಲ್ಲಿ ಸಿಕ್ಕ ಪರಿಹಾರ

ಕಾಶ್ಮೀರದಿಂದ ಕನ್ಯಾಕುಮಾರಿಗೆ ದೇಣಿಗೆ ಸಂಗ್ರಹಕ್ಕಾಗಿ ಹೊರಟ ಸೈಕಲ್ ಸವಾರಿಯಲ್ಲಿ, ಕರ್ನೂಲು ದಾಟಿದ ಮೇಲೆ ಒಂದೇ ಸೈಕಲ್ಲಿನ ಹಿಂದಿನ ಚಕ್ರ ದಿನಕ್ಕೆ ಮೂರು ಸಲ ಗಾಳಿ ಬಿಡುತ್ತಿತ್ತು. ಹೊಸ ಟ್ಯೂಬ್ ಹಾಕಿದರೂ ಅದೇ ಪಾಡು. ಒಬ್ಬರು ನಿಂತರೆ ಇಡೀ ಗುಂಪು ನಿಲ್ಲಬೇಕು.

ತಪ್ಪು ಟ್ಯೂಬಿನದಲ್ಲ. ಸಿಡಿದ ಲಾರಿ ಟೈರುಗಳ ಉಕ್ಕಿನ ತಂತಿಯ ಚೂರುಗಳು ಹೆದ್ದಾರಿಯ ಅಂಚಿನಲ್ಲಿ ಬಿದ್ದಿರುತ್ತವೆ. ಕೂದಲೆಳೆಯಷ್ಟು ಸಣ್ಣವು, ಟೈರಿನೊಳಗೆ ಸಿಕ್ಕಿಕೊಂಡು, ಭಾರ ಬಿದ್ದಾಗ ಮಾತ್ರ ಚುಚ್ಚುತ್ತವೆ.

ಟೈರಿನ ಮೇಲಿನ ಬ್ರ್ಯಾಂಡ್ ಹೆಸರು ವಾಲ್ವ್‌ನ ನೇರಕ್ಕೇ ಬರುವಂತೆ ಯಾವಾಗಲೂ ಕೂರಿಸಿ. ಆಗ ಟ್ಯೂಬಿನ ತೂತನ್ನು ವಾಲ್ವ್‌ನಿಂದ ಅಳೆದು ಟೈರಿನಲ್ಲಿ ಅದೇ ಜಾಗ ಹಿಡಿಯಬಹುದು. ಟ್ಯೂಬ್ ಯಾವ ಮಗ್ಗುಲಾಗಿತ್ತೋ ನೆನಪಿಲ್ಲದಿದ್ದರೆ ವಾಲ್ವ್‌ನ ಎರಡೂ ಬದಿ ನೋಡಿ. ಬೆರಳು ಆಡಿಸಬೇಡಿ, ಕೊಯ್ದುಕೊಳ್ಳುತ್ತೀರಿ. ಹತ್ತಿಯ ಉಂಡೆಯನ್ನು ಒಳಗೆ ಸವರಿದರೆ ತಂತಿಗೆ ಎಳೆ ಸಿಕ್ಕಿ ನಿಲ್ಲುತ್ತದೆ. ನಮಗೆ ಸಿಕ್ಕಿದ್ದು ಎರಡು ಮಿಲಿಮೀಟರ್ ಚೂರು. ಚಿಮಟದಲ್ಲಿ ಕಿತ್ತ ಮೇಲೆ ಕಾಟ ನಿಂತಿತು.

ತೂತು ರಿಮ್ ಕಡೆಗಿದ್ದರೆ ರಿಮ್ ಟೇಪ್ (ಕಡ್ಡಿಗಳ ತುದಿ ಟ್ಯೂಬಿಗೆ ತಾಗದಂತೆ ರಿಮ್ಮಿಗೆ ಸುತ್ತುವ ಪಟ್ಟಿ) ಸರಿದಿದೆ ಎಂದರ್ಥ. ಅಕ್ಕಪಕ್ಕ ಎರಡು ಸೀಳಿದ್ದರೆ ಗಾಳಿ ಕಡಿಮೆಯಾಗಿ ಗುಂಡಿಯಲ್ಲಿ ರಿಮ್ ಕಚ್ಚಿದೆ.

ಪ್ಯಾಚ್ ಹಾಕುವಾಗ ಉಜ್ಜಿ, ಸೊಲ್ಯೂಷನ್ ಸವರಿ, ಅದರ ಹೊಳಪು ಹೋಗುವವರೆಗೆ ಕಾಯಿರಿ. ಅವಸರದ ಪ್ಯಾಚ್ ಬಿಸಿಲಿಗೆ ಕಿತ್ತುಬರುತ್ತದೆ.

ಗುಂಪಿನಲ್ಲಿ ಎಲ್ಲರ ವಾಲ್ವ್ ಒಂದೇ ಬಗೆಯದಿರಲಿ; ಪ್ರೆಸ್ಟಾ ಎಂಬ ತೆಳು ವಾಲ್ವಿನ ಟ್ಯೂಬಿಗೆ ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪ್ ಕೂರುವುದಿಲ್ಲ. ಸಣ್ಣ ಹಿತ್ತಾಳೆ ಅಡಾಪ್ಟರ್ ಎರಡು ಜೇಬಿನಲ್ಲಿರಲಿ.