ಆಡುತ್ತಾ ಆಡುತ್ತಾ ಹುಡುಗನಿಗೆ ಉಸಿರು ಕಟ್ಟಿದಂತಾದರೆ ಏನು ಮಾಡಬೇಕು

ಬೆಳಗಾವಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವವರಿಗೆ, ಮಕ್ಕಳನ್ನು ಕೋರ್ಟ್‌ಗೆ ಬಿಟ್ಟು ಹೋಗುವ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಕಾಲು ಉಳುಕಿದರೆ ನಮಗೆ ಗೊತ್ತು. ಐಸ್ ಇಡುತ್ತೇವೆ, ಪಟ್ಟಿ ಕಟ್ಟುತ್ತೇವೆ. ಆದರೆ ಚೆನ್ನಾಗಿ ಆಡುತ್ತಿದ್ದ ಹುಡುಗ ನಡುವೆ ನಿಂತು, ಎದೆ ಹಿಡಿದುಕೊಂಡು, ಉಸಿರು ಸಿಗುತ್ತಿಲ್ಲ ಅಂದರೆ? "ಏ ಗಟ್ಟಿಯಾಗೋ, ಗಂಡಸಲ್ಲೇನು" ಅಂತ ಕೂಗುತ್ತೇವೆ. ನಾನೂ ಕೂಗಿದ್ದೇನೆ. ಅದು ತಪ್ಪು.

ಕೆವಿನ್ ಲವ್ ಹೆಸರು ಕೇಳಿರುತ್ತೀರಿ. 2016ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದಾಗ ತಂಡದಲ್ಲಿದ್ದವರು. 2017ರ ನವೆಂಬರ್ 5ರಂದು ಅಟ್ಲಾಂಟಾ ಹಾಕ್ಸ್ ವಿರುದ್ಧ ಆಡುವಾಗ ಅವರಿಗೆ ಪ್ಯಾನಿಕ್ ಅಟ್ಯಾಕ್, ಅಂದರೆ ದಿಢೀರನೆ ಮೈಯೆಲ್ಲ ಆವರಿಸುವ ವಿಪರೀತ ಭಯ, ಆಯಿತು. ಎದೆ ಜೋರಾಗಿ ಬಡಿದುಕೊಂಡಿತು, ಬಾಯಿ ಒಣಗಿತು, ಕೊನೆಗೆ ಒಳಗೆ ಹೋಗಿ ನೆಲದ ಮೇಲೆ ಮಲಗಿಬಿಟ್ಟರು. ಆಸ್ಪತ್ರೆಯ ಪರೀಕ್ಷೆಗಳೆಲ್ಲ ಸರಿ ಬಂದವು. ಮುಂದಿನ ಪಂದ್ಯದಲ್ಲಿ 32 ಪಾಯಿಂಟ್ ಹೊಡೆದರು. ಆ 32 ನನ್ನನ್ನು ತುಂಬಾ ಕಾಡಿದೆ, ಯಾಕಂದರೆ ಹೊರಗಿನಿಂದ ನೋಡಿದವರು ಇವನು ಆರಾಮಾಗಿದ್ದಾನೆ ಅಂತಲೇ ಅಂದುಕೊಂಡಿರುತ್ತಾರೆ, ಒಳಗೆ ಮಾತ್ರ ಇದು ಯಾರಿಗಾದರೂ ಗೊತ್ತಾದರೆ ಹೇಗೆ ಅನ್ನುವ ಭಯ. 2018ರಲ್ಲಿ ಇನ್ನೊಬ್ಬ ಎನ್‌ಬಿಎ ಆಟಗಾರ ಡಿಮಾರ್ ಡಿರೋಜನ್ ತಮ್ಮ ಖಿನ್ನತೆ ಬಗ್ಗೆ ಬಾಯಿಬಿಟ್ಟ ಮೇಲೆ ಲವ್ ಕೂಡ ಎಲ್ಲವನ್ನೂ ಬರೆದರು. ಹಾಗಾಗಿ ಹುಡುಗ ಬಾಸ್ಕೆಟ್ ಹಾಕುತ್ತಿದ್ದಾನೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಮೊದಲು ಅವನನ್ನು ಕೋರ್ಟ್‌ನಿಂದ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ಗುಂಪು ಸೇರಲು ಬಿಡಬೇಡಿ, ಮೊಬೈಲ್ ಹಿಡಿದು ನಿಂತವರನ್ನಂತೂ ಕಳಿಸಿಬಿಡಿ. ಉಬ್ಬಸ ಇದ್ದವನಾದರೆ ಇನ್‌ಹೇಲರ್ ಕೊಡಿ. "ನಾನು ಇಲ್ಲೇ ಇದ್ದೀನಿ" ಅಂತ ಮೆಲ್ಲಗೆ ಹೇಳಿ, ಮೂಗಿನಿಂದ ಉಸಿರು ಎಳೆದು ಬಾಯಿಂದ ನಿಧಾನವಾಗಿ ಬಿಡುವುದನ್ನು ನೀವೇ ಮಾಡಿ ತೋರಿಸಿ. ಬಿಡುವ ಉಸಿರು ಉದ್ದವಿರಲಿ. ಪ್ಯಾನಿಕ್ ಆಗಿದ್ದರೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಏರಿ, ಆಮೇಲೆ ಇಳಿಯುತ್ತದೆ. ಆದರೆ ಎದೆನೋವು ನಿಲ್ಲದಿದ್ದರೆ, ತಲೆ ತಿರುಗಿ ಬಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮೊದಲ ಸಲ ಆದಾಗ ಸುಮ್ನೆ ಹೆದರಿಕೆ ಅಂತ ನೀವೇ ತೀರ್ಮಾನ ಮಾಡಬೇಡಿ, ವೈದ್ಯರು ಹೃದಯ ನೋಡಲೇಬೇಕು.

ಕೇಳುವ ಕೆಲಸ ಅವತ್ತೇ ಬೇಡ. ಎರಡು ದಿನ ಬಿಟ್ಟು, ಮನೆಗೆ ಹೋಗುವಾಗ ಜೊತೆಯಲ್ಲಿ ನಡೆಯುತ್ತಾ ಕೇಳಿ. ಎದುರು ಕೂರಿಸಿ ಕೇಳಿದರೆ ಹುಡುಗರು "ಏನಿಲ್ರೀ ಸರ್" ಅಂತ ಮುಗಿಸಿಬಿಡುತ್ತಾರೆ, ಪಕ್ಕದಲ್ಲಿ ನಡೆಯುವಾಗ ಮುಖ ನೋಡಬೇಕಾಗಿಲ್ಲ ಅಲ್ವಾ, ಮಾತು ತಾನಾಗಿ ಬರುತ್ತದೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ? ಲವ್ ಕೂಡ ಅಜ್ಜಿ ಹೋದ ದುಃಖವನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದರು, ಅದು ಹೊರಬಂದದ್ದು ಥೆರಪಿಸ್ಟ್ ಹತ್ತಿರ ಹೋದ ಮೇಲೆ.

ನಮ್ಮ ಕಡೆ "ಇವನ್ನ ಧಾರವಾಡಕ್ಕೆ ಕಳಸಬೇಕು" ಅಂತ ಹಂಗಿಸುತ್ತಾರೆ. ಆ ಮಾತನ್ನು ನಿಮ್ಮ ತಂಡದಲ್ಲಿ ಯಾರೂ ಆಡದಂತೆ ನೋಡಿಕೊಳ್ಳಿ. ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಅಲ್ಲಿಗೆ ಹೋಗುವುದು ಮೊಣಕಾಲು ತೋರಿಸಲು ಹೋದಷ್ಟೇ ಸಹಜ. ಅಷ್ಟು ದೂರ ಈಗಲೇ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ ವೈದ್ಯರು ಆಡಬಹುದು ಅಂದ ದಿನ ಹುಡುಗನನ್ನು ಬೆಂಚಿನ ಮೇಲೆ ಕೂರಿಸಿಡಬೇಡಿ. ಐದೇ ನಿಮಿಷ ಆಡಲಿ. ಬೇಡ ಅನಿಸಿದರೆ ಕೈ ಎತ್ತು, ಯಾಕೆ ಅಂತ ನಾನು ಕೇಳಲ್ಲ ಅಂತ ಮೊದಲೇ ಹೇಳಿ, ಎತ್ತಿದಾಗ ನಿಜವಾಗಿಯೂ ಕೇಳಬೇಡಿ.