ಆಕ್ಲೆಂಡ್ ಮೇಯರ್ ತುರ್ತು ಸ್ಥಿತಿ ಘೋಷಿಸಿದರೆ: ಹೊಸದಾಗಿ ಬಂದ ಕನ್ನಡಿಗರಿಗೆ

‘ಸ್ಟೇಟ್ ಆಫ್ ಲೋಕಲ್ ಎಮರ್ಜೆನ್ಸಿ’ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮವರಿಗೆ ನೆನಪಾಗುವುದು 1975ರ ತುರ್ತು ಪರಿಸ್ಥಿತಿ. ಹೆಸರು ಒಂದೇ ಥರ ಕೇಳಿಸಿದರೂ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಪ್ರವಾಹ, ಭೂಕಂಪದಂಥ ಅಪಾಯ ಬಂದಾಗ ಒಂದು ಪ್ರದೇಶಕ್ಕೆ ಮಾತ್ರ ಘೋಷಿಸುವ ಸ್ಥಳೀಯ ತುರ್ತು ಸ್ಥಿತಿ. ಸರ್ಕಾರ, ಕೋರ್ಟು, ಪತ್ರಿಕೆ ಎಲ್ಲ ಇದ್ದ ಹಾಗೇ ಇರುತ್ತವೆ. ನಿಮ್ಮ ವೀಸಾಕ್ಕೂ ಏನೂ ಆಗುವುದಿಲ್ಲ.

ಊರಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಕೊಡುವುದರಿಂದ ಹಿಡಿದು ಜನರನ್ನು ಸ್ಥಳಾಂತರಿಸುವ ತನಕ ಎಲ್ಲದಕ್ಕೂ ಡಿಸಿ ಕಡೆ ನೋಡುತ್ತೇವೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲಾ ಪ್ರಾಧಿಕಾರಕ್ಕೆ ಅವರನ್ನೇ ಅಧ್ಯಕ್ಷರನ್ನಾಗಿಸಿದೆ. ನ್ಯೂಜಿಲೆಂಡಿನಲ್ಲಿ ಡಿಸಿ ಎಂಬ ಹುದ್ದೆಯೇ ಇಲ್ಲ. ಜನ ನೇರವಾಗಿ ಮತ ಹಾಕಿ ಆರಿಸಿದ ಮೇಯರ್‌ಗೆ 2002ರ ಸಿವಿಲ್ ಡಿಫೆನ್ಸ್ ಎಮರ್ಜೆನ್ಸಿ ಮ್ಯಾನೇಜ್‌ಮೆಂಟ್ ಕಾಯ್ದೆ ಈ ಹೊಣೆ ಕೊಟ್ಟಿದೆ. ಅವರು ಸಿಗದಿದ್ದರೆ ಅವರ ಬದಲಿಗೆಂದು ಮೊದಲೇ ಗೊತ್ತುಮಾಡಿದ ಚುನಾಯಿತ ಸದಸ್ಯರು ಘೋಷಣೆಗೆ ಸಹಿ ಮಾಡುತ್ತಾರೆ.

ಸಹಿಗೆ ಮುಂಚೆ ಮೂರು ವಿಷಯ ಕೂಡಿ ಬರಬೇಕು. ಪ್ರವಾಹ, ಭೂಕಂಪ, ಸುನಾಮಿ, ಭೂಕುಸಿತ, ವಿಷಾನಿಲ ಸೋರಿಕೆಯಂಥ ಘಟನೆ ನಡೆದಿರಬೇಕು ಅಥವಾ ನಡೆಯುವ ಸಂಭವ ಇರಬೇಕು. ಅದರಿಂದ ಜೀವಕ್ಕೋ ಆಸ್ತಿಗೋ ಅಪಾಯವಿರಬೇಕು. ಮೂರನೆಯದೇ ಹೆಚ್ಚು ಚರ್ಚೆಗೆ ಬರುವುದು: ಪೊಲೀಸ್, ಅಗ್ನಿಶಾಮಕ ದಳ, ಆಂಬ್ಯುಲೆನ್ಸ್‌ನವರು ತಮ್ಮಷ್ಟಕ್ಕೆ ನಿಭಾಯಿಸಲಾಗದಷ್ಟು ಅಥವಾ ಎಲ್ಲರೂ ಒಟ್ಟಾಗಿ ಇಳಿಯಲೇಬೇಕಾದಷ್ಟು ಅದು ದೊಡ್ಡದಾಗಿರಬೇಕು. ಕೌನ್ಸಿಲ್ ಸಭೆ ಕರೆದು ಮತಕ್ಕೆ ಹಾಕಬೇಕಿಲ್ಲ. ತುರ್ತು ಕೆಲಸಗಳ ಉಸ್ತುವಾರಿ ಹೊತ್ತ ಕಂಟ್ರೋಲರ್ ಎಂಬ ಅಧಿಕಾರಿ ಸ್ಥಿತಿಗತಿ ವಿವರಿಸಿ ಸಲಹೆ ಕೊಡುತ್ತಾರೆ, ಮೇಯರ್ ನಿಗದಿತ ನಮೂನೆಗೆ ಸಹಿ ಹಾಕುತ್ತಾರೆ. ಯಾವ ಪ್ರದೇಶ, ಯಾವ ಅಪಾಯ, ಯಾವ ದಿನ, ಎಷ್ಟು ಗಂಟೆ ಎಂಬುದು ಅದರಲ್ಲಿರುತ್ತದೆ. ಆ ಗಳಿಗೆಯಿಂದಲೇ ಅದು ಜಾರಿ. ತಕ್ಷಣ ಸಾರ್ವಜನಿಕರಿಗೆ ತಿಳಿಸಬೇಕು. ಗೆಜೆಟ್ ಪ್ರಕಟಣೆ ಆಮೇಲೆ ಬರುತ್ತದೆ.

ಹೊಸಬರು ಎಡವುವುದು ಇಲ್ಲೇ: ಘೋಷಣೆ ಬಂದಮೇಲೆ ಹೊರಡೋಣ ಎಂದು ಕಾಯುತ್ತಾರೆ. ಘೋಷಣೆ ಅಧಿಕಾರಿಗಳ ಕೈಗೆ ಅಧಿಕಾರ ಕೊಡುವ ಕಾಗದ. ನೀರು ಅದಕ್ಕಾಗಿ ಕಾಯುವುದಿಲ್ಲ. 2023ರ ಜನವರಿ 27ರ ಶುಕ್ರವಾರ ಆಕ್ಲೆಂಡ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನ 240 ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. ಸಂಜೆಗಾಗಲೇ ರಸ್ತೆಗಳು ಹೊಳೆಯಾಗಿದ್ದವು. ಘೋಷಣೆ ಆದದ್ದು ರಾತ್ರಿ ಹತ್ತರ ಹೊತ್ತಿಗೆ. ಆ ಮಳೆಯಲ್ಲಿ ನಾಲ್ವರು ಪ್ರಾಣ ಕಳೆದುಕೊಂಡರು. ಆದ್ದರಿಂದ ಮನೆ ಹಿಂದಿನ ತೊರೆ ಏರುತ್ತಿದ್ದರೆ, ಗುಡ್ಡದ ಮಣ್ಣು ಬಿರುಕು ಬಿಟ್ಟಿದ್ದರೆ ಯಾರ ಸಹಿಗೂ ಕಾಯದೆ ಎತ್ತರದ ಜಾಗಕ್ಕೆ ಹೋಗಿ. ಜೀವಕ್ಕೆ ಅಪಾಯವಿದ್ದರೆ 111ಕ್ಕೆ ಕರೆ ಮಾಡಿ. ತುಂಬಿ ಹರಿಯುವ ನೀರಿಗೆ ಕಾರು ಇಳಿಸಬೇಡಿ. ಸಮುದ್ರದ ಹತ್ತಿರವಿದ್ದು ಭೂಕಂಪ ಒಂದು ನಿಮಿಷಕ್ಕಿಂತ ಹೆಚ್ಚು ನಡೆದರೆ ಅಥವಾ ನಿಂತುಕೊಳ್ಳಲಾಗದಷ್ಟು ಜೋರಾದರೆ ಸೈರನ್‌ಗೂ ಕಾಯಬೇಡಿ, ಒಳನಾಡಿನ ಕಡೆ ಹೊರಡಿ.

ಫೋನಿಗೆ ಕರ್ಕಶ ಸದ್ದಿನೊಂದಿಗೆ ಬರುವ ಎಮರ್ಜೆನ್ಸಿ ಮೊಬೈಲ್ ಅಲರ್ಟ್ ಬೇರೆಯೇ ವ್ಯವಸ್ಥೆ. ಘೋಷಣೆಯಿಲ್ಲದೆಯೂ ಅದು ಬರಬಹುದು. ಕರೆಂಟ್ ಹೋದಾಗ ಬ್ಯಾಟರಿ ರೇಡಿಯೊದಲ್ಲಿ ಆರ್‌ಎನ್‌ಝಡ್ ನ್ಯಾಷನಲ್ ಕೇಳಿ, ಆಕ್ಲೆಂಡಿನಲ್ಲಿ 101.4 ಎಫ್‌ಎಂ. ವಾಟ್ಸಾಪ್ ಗುಂಪಿನಲ್ಲಿ ತಿರುಗುವ ಹಳೆಯ ವಿಡಿಯೊ ನಂಬಿ ದಾರಿ ನಿರ್ಧರಿಸಬೇಡಿ.

ಸಹಿ ಹಾಕುವವರು ಮೇಯರ್, ಆದರೆ ಅಧಿಕಾರ ಚಲಾಯಿಸುವವರು ಕಂಟ್ರೋಲರ್ ಮತ್ತು ಪೊಲೀಸರು. ಅವರು ಮನೆ ಖಾಲಿ ಮಾಡಿಸಬಹುದು, ರಸ್ತೆ ಮುಚ್ಚಬಹುದು, ಜೀವ ಉಳಿಸಲು ಒಳಗೆ ನುಗ್ಗಬಹುದು, ದಾರಿಗೆ ಅಡ್ಡವಾದ ವಾಹನ ಎತ್ತಿಸಬಹುದು. ನಿಮ್ಮ ಟ್ರಕ್ಕನ್ನೋ ಜನರೇಟರನ್ನೋ ವಶಕ್ಕೆ ತೆಗೆದುಕೊಂಡರೆ ಅದನ್ನು ಬರೆದುಕೊಡುವಂತೆ ಕೇಳಿ, ಜೋಪಾನವಾಗಿಡಿ. ಕಾಯ್ದೆಯಲ್ಲಿ ಪರಿಹಾರಕ್ಕೆ ಅವಕಾಶವಿದೆ, ಕೇಳಲು ಕಾಗದ ಬೇಕು. ಆದೇಶ ಪಾಲಿಸದೆ ಹಟ ಹಿಡಿಯುವುದು ಇಲ್ಲಿ ಅಪರಾಧ.

ನೀರು ಇಳಿದ ಮೇಲೆ ತಪಾಸಣೆಗೆ ಬಂದವರು ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ಕೆಂಪು ಎಂದರೆ ಒಳಗೆ ಕಾಲಿಡುವಂತಿಲ್ಲ, ಪಾಸ್‌ಪೋರ್ಟ್ ತರಲಿಕ್ಕೂ ಇಲ್ಲ. ಹಳದಿಯಾದರೆ ಅದರ ಮೇಲೆ ಬರೆದ ಷರತ್ತಿನಂತೆ ಮಾತ್ರ ಪ್ರವೇಶ. ಬಿಳಿ ಎಂದರೆ ಬಳಸಬಹುದು; ಮನೆ ಗಟ್ಟಿಮುಟ್ಟಾಗಿದೆ ಎಂಬ ಖಾತ್ರಿ ಅದಲ್ಲ, ತಪಾಸಣೆ ಮೇಲ್ನೋಟದ್ದು. ಹಾಗಾಗಿ ಪಾಸ್‌ಪೋರ್ಟ್, ವೀಸಾ ಪತ್ರ, ಔಷಧಿ, ಮಗುವಿನ ಹಾಲಿನ ಪುಡಿ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರಲಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 3 ಲೀಟರ್, ಮೂರು ದಿನಕ್ಕಾಗುವಷ್ಟು.

ಬಾಡಿಗೆಯಲ್ಲಿರುವವರು ಇದನ್ನು ಗಮನವಿಟ್ಟು ಓದಿ. ಮನೆ ವಾಸಕ್ಕೆ ಆಗದಷ್ಟು ಹಾಳಾದರೆ ಬಾಡಿಗೆ ಅದಕ್ಕೆ ತಕ್ಕಂತೆ ಇಳಿಯಬೇಕು. ನೀವು 2 ದಿನದ ನೋಟಿಸ್ ಕೊಟ್ಟು ಹೊರಬರಬಹುದು, ಮಾಲೀಕರು 7 ದಿನದ ನೋಟಿಸ್ ಕೊಡಬಹುದು. ಮಾಲೀಕರ ವಿಮೆಯಲ್ಲಿ ನಿಮ್ಮ ಸಾಮಾನು ಸೇರಿರುವುದಿಲ್ಲ. ಅದಕ್ಕೆ ಕಂಟೆಂಟ್ಸ್ ಇನ್ಶೂರೆನ್ಸ್ ನೀವೇ ಮಾಡಿಸಬೇಕು, ಮೋಡ ಕವಿದ ಮೇಲೆ ಮಾಡಿಸಲು ಹೋದರೆ ತಡ. ಸ್ವಂತ ಮನೆಯವರೂ ಒಂದು ವಿಷಯ ತಪ್ಪು ತಿಳಿಯುತ್ತಾರೆ: ನ್ಯಾಚುರಲ್ ಹ್ಯಾಜರ್ಡ್ಸ್ ಕಮಿಷನ್ ಎಂಬ ಸರ್ಕಾರಿ ವಿಮಾ ಸಂಸ್ಥೆಯ ರಕ್ಷಣೆ ಭೂಕಂಪ, ಭೂಕುಸಿತಗಳಲ್ಲಿ ಮನೆಗೂ ಸಿಗುತ್ತದೆ, ಮಳೆ-ಪ್ರವಾಹದಲ್ಲಾದರೆ ಜಮೀನಿಗೆ ಮಾತ್ರ. ಪ್ರವಾಹದಲ್ಲಿ ಗೋಡೆ, ನೆಲ ಹಾಳಾದರೆ ಖಾಸಗಿ ವಿಮೆಯೇ ಗತಿ. ಒದ್ದೆಯಾದ ಕಾರ್ಪೆಟ್ ಎಸೆಯುವ ಮುಂಚೆ ಫೋಟೊ ತೆಗೆದು, ನೀರು ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಹಾಕಿ.

ಘೋಷಣೆ ಏಳು ದಿನಕ್ಕೆ ತಾನಾಗಿ ಮುಗಿಯುತ್ತದೆ. ಮೇಯರ್ ಬೇಗ ಹಿಂಪಡೆಯಬಹುದು ಅಥವಾ ಮತ್ತೆ ವಿಸ್ತರಿಸಬಹುದು. ಬಳಿಕ 28 ದಿನದ ಚೇತರಿಕೆ ಅವಧಿ ಘೋಷಿಸುವುದೂ ಉಂಟು. ಮನೆ ಬಿಟ್ಟು ಬಂದವರಿಗೆ ಊಟ, ಬಟ್ಟೆ, ಹಾಸಿಗೆಗೆ ವರ್ಕ್ ಅಂಡ್ ಇನ್‌ಕಮ್ ಎಂಬ ಸರ್ಕಾರಿ ನೆರವಿನ ಕಚೇರಿಯ ಸಿವಿಲ್ ಡಿಫೆನ್ಸ್ ಪಾವತಿ ಇದೆ. ನೀವು ಸರ್ಕಾರದ ಭತ್ಯೆ ಪಡೆಯುವವರಾಗಿರಬೇಕೆಂದೇನಿಲ್ಲ. ಅದಕ್ಕೆ 0800 559 009ಕ್ಕೆ ಕರೆ ಮಾಡಿ, ಚರಂಡಿ ಉಕ್ಕಿದ್ದರೆ ಕೌನ್ಸಿಲ್‌ನ 09 301 0101ಕ್ಕೆ.