ಒಳಚರಂಡಿ ಲೈನಿನ ಮೇಲೆ ನಾನು ಕೋಣೆ ಕಟ್ಟಿದ್ದು ಹೀಗೆ

ನಮ್ಮ ಮನೆಯ ಹಿಂದಿನ ಗೋಡೆಯಿಂದ ಸುಮಾರು 6 ಅಡಿ ಆಚೆ ಸಾರ್ವಜನಿಕ ಒಳಚರಂಡಿ ಲೈನ್ ಹೋಗಿದೆ. ಅದರ ಮೇಲೆಯೇ 12 ಅಡಿಗೆ 14 ಅಡಿಯ ಒಂದು ಕೋಣೆ ಎಬ್ಬಿಸಿದೆ. ಮೂರು ಮಳೆಗಾಲ ಕಳೆದಿದೆ. ಹೋದ ತಿಂಗಳು ಇನ್ನೊಮ್ಮೆ ಪೈಪಿನೊಳಗೆ ಕ್ಯಾಮೆರಾ ಬಿಡಿಸಿ ನೋಡಿದೆ. ಎಲ್ಲೂ ಬಿರುಕಿಲ್ಲ, ಒಂದು ಜಾಯಿಂಟೂ ಕದಲಿಲ್ಲ. ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಇಪ್ಪತ್ತು ವರ್ಷದಿಂದ ಮನೆ ಕಟ್ಟುವ ಕೆಲಸವೇ ನನ್ನದು. ಆದರೂ ನನ್ನ ಮನೆಯ ಈ ಕೆಲಸಕ್ಕೆ ಬೆನ್ನು ತಟ್ಟಿದವರು ಒಬ್ಬರೂ ಇರಲಿಲ್ಲ. ಕೇಳಿದವರೆಲ್ಲ ಎರಡೇ ಮಾತು ಹೇಳಿದರು. ಲೈನನ್ನು ತಿರುಗಿಸು, ಇಲ್ಲ ಅಂದ್ರೆ ಕೋಣೆಯ ಆಸೆ ಬಿಡು. ನನ್ನ ಜೊತೆ ಬಹಳ ವರ್ಷ ದುಡಿದ ಹಿರಿಯ ಮೇಸ್ತ್ರಿಯೊಬ್ಬರು, "ಒಂದೇ ಮಳೆಗೆ ನಿನ್ನ ಗೋಡೆಯೂ ಬಿರಿಯುತ್ತೆ, ಬೀದಿಯವರ ಪೈಪೂ ಒಡೆಯುತ್ತೆ. ಬೇಡ ಕಣಪ್ಪಾ" ಅಂದರು. ಅವರ ಮಾತನ್ನು ನಾನು ಹಗುರವಾಗಿ ತಗೊಳ್ಳುವವನಲ್ಲ. ಎರಡು ರಾತ್ರಿ ನಿದ್ದೆ ಬರಲಿಲ್ಲ.

ಲೈನ್ ತಿರುಗಿಸುವ ಲೆಕ್ಕವನ್ನೂ ಹಾಕಿಸಿದ್ದೆ. ಕೋಣೆಗೆ ಅಂತ ಎತ್ತಿಟ್ಟ ದುಡ್ಡಿನ ಮುಕ್ಕಾಲು ಪಾಲು ಅದೊಂದಕ್ಕೇ ಹೋಗುತ್ತಿತ್ತು. ದುಡ್ಡಿಗಿಂತ ದೊಡ್ಡ ತೊಂದರೆ ವಾಟದ್ದು, ಅಂದರೆ ನೀರು ಹರಿಯುವ ಇಳಿಜಾರಿನದ್ದು. ಮೇಲಿನ ಚೇಂಬರಿನಿಂದ (ಮ್ಯಾನ್‌ಹೋಲ್) ಕೆಳಗಿನ ಚೇಂಬರಿಗೆ 60 ಅಡಿ ಇದೆ. ಅಷ್ಟು ಉದ್ದಕ್ಕೆ ಸಿಕ್ಕಿರುವ ವಾಟ 6 ಇಂಚು. ಕೋಣೆಯನ್ನು ಸುತ್ತಿಸಿ ತಂದರೆ ಉದ್ದ ಇನ್ನೂ 20 ಅಡಿ ಜಾಸ್ತಿ ಆಗುತ್ತದೆ, ತಿರುವುಗಳು ಬೇರೆ. ಅದೇ 6 ಇಂಚನ್ನು 80 ಅಡಿಗೆ ಹಂಚಿದರೆ ನೀರು ಮುಂದೆ ಹೋಗುತ್ತದೆ, ಗಟ್ಟಿ ಪದಾರ್ಥ ಹಿಂದೆ ಉಳಿಯುತ್ತದೆ. ಆ ದಾರಿಯನ್ನು ಅಲ್ಲಿಗೇ ಬಿಟ್ಟೆ.

ಅನುಮತಿಗೆ ಕೊಟ್ಟ ಮೊದಲ ನಕ್ಷೆ ವಾಪಸ್ ಬಂತು. ಇಲ್ಲಿ 45 ಡಿಗ್ರಿ ಲೆಕ್ಕ ಅಂತ ಒಂದಿದೆ: ಫೂಟಿಂಗಿನ, ಅಂದರೆ ಅಡಿಪಾಯದ ಬುಡದ, ಭಾರ ಕೆಳಗೆ 45 ಡಿಗ್ರಿ ಓರೆಯಲ್ಲಿ ಹರಡುತ್ತಾ ಹೋಗುತ್ತದೆ, ಆ ಹರವಿನೊಳಗೆ ಪೈಪು ಬರಬಾರದು. ನಾನು ಎಡವಿದ್ದು ಅಳತೆಯಲ್ಲಿ. ಚೇಂಬರಿನ ಮುಚ್ಚಳದಿಂದ ಪೈಪಿನ ನೆತ್ತಿಯವರೆಗೆ ಟೇಪ್ ಬಿಟ್ಟು ಅದನ್ನೇ ಆಳ ಅಂತ ಬರೆದಿದ್ದೆ. ಅಳೆಯಬೇಕಾದದ್ದು ಪೈಪಿನ ತಳಕ್ಕೆ, ಅಂದರೆ ಇನ್ವರ್ಟ್ ಲೆವೆಲ್‌ಗೆ. ಸಾಲದ್ದಕ್ಕೆ ಆ ಮುಚ್ಚಳ ನಮ್ಮ ಹಿತ್ತಲಿನ ನೆಲಕ್ಕಿಂತ 8 ಇಂಚು ಎತ್ತರದಲ್ಲಿತ್ತು. ಟ್ಯೂಬ್ ಲೆವೆಲ್ (ಮಟ್ಟ ನೋಡುವ, ನೀರು ತುಂಬಿದ ಕೊಳವೆ) ಹಿಡಿದು ಮತ್ತೆ ಅಳೆದಾಗ ನಮ್ಮ ನೆಲದಿಂದ ಪೈಪಿನ ತಳಕ್ಕೆ ಸುಮಾರು 6 ಅಡಿ ಬಂತು. ಮೂರೂವರೆ ಅಡಿಗೆ ನಿಲ್ಲಿಸುವ ಮಾಮೂಲಿ ಫೂಟಿಂಗಿನ ಭಾರ ಸೀದಾ ಪೈಪಿನ ಮೇಲೇ ಕೂರುತ್ತಿತ್ತು. ನಕ್ಷೆ ತಿರಸ್ಕರಿಸಿದ್ದು ನ್ಯಾಯವೇ.

ಎರಡನೇ ಸಲ ಲೈನ್ ನೋಡಿಕೊಳ್ಳುವ ಕಚೇರಿಯವರು ಕ್ಯಾಮೆರಾ ಸರ್ವೆ ಕೇಳಿದರು. ಆ ಖರ್ಚು ಉಳಿಸೋಣ ಅಂತ ನಾನು ಎರಡು ಚೇಂಬರ್ ನಡುವೆ ದಾರ ಎಳೆದು, ಪೈಪು ಇದೇ ಗೆರೆಯಲ್ಲಿದೆ ಅಂತ ತೋರಿಸಿದೆ. ಅವರು ಒಪ್ಪಲಿಲ್ಲ. ಕೊನೆಗೆ ಕ್ಯಾಮೆರಾ ಇಳಿಸಿದಾಗ ಕಂಡದ್ದು ನೋಡಿ ಬೆವರಿದೆ. ನಡುವೆ ಇನ್ನೊಂದು ಚೇಂಬರ್ ಇದೆ! ಮಣ್ಣಿನಡಿ ಮುಚ್ಚಿಹೋಗಿ ಯಾರಿಗೂ ನೆನಪಿಲ್ಲದ್ದು. ಅದೂ ಎಲ್ಲಿ, ನನ್ನ ಕೋಣೆಯ ನಟ್ಟನಡುವೆ.

ಅದಕ್ಕೆ ಯಾವ ಮನೆಯ ನೀರು ಬಂದು ಸೇರುತ್ತಿದೆ ಅಂತ ತಿಳಿಯಲು ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ಬಚ್ಚಲಿಗೆ ಹಸಿರು ಬಣ್ಣದ ನೀರು ಸುರಿದೆ. ಮೇಲಿನ ಚೇಂಬರಿನಲ್ಲಿ ಬಣ್ಣ ಬರಲಿಲ್ಲ, ಕೆಳಗಿನದರಲ್ಲಿ ಬಂತು. ಕೆಳಗಿನಿಂದ ರಾಡ್ ತೂರಿಸಿದರೆ 22 ಅಡಿಗೆ ತಡೆಯಿತು. ಅಷ್ಟೇ ದೂರವನ್ನು ನೆಲದ ಮೇಲೆ ಅಳೆದು ಚೂಪು ಕಂಬಿಯಿಂದ ಚುಚ್ಚುತ್ತಾ ಹೋದೆ. ಮಣ್ಣಿಗೆ ಚುಚ್ಚಿದರೆ ಕೈಗೆ ಏನೂ ತಿಳಿಯುವುದಿಲ್ಲ, ಕಲ್ಲಿಗೆ ತಾಗಿದರೆ ಟಕ್ ಅನ್ನುತ್ತದೆ. ಹದಿನೈದನೆಯದೋ ಹದಿನಾರನೆಯದೋ ಚುಚ್ಚಿಗೆ ಠಣ್ ಅಂತು. ಕಂಬಿ ಹಿಡಿದ ಅಂಗೈ ಜುಮ್ ಅಂತು. ಎರಡಡಿ ಕೆಳಗೆ ಕಬ್ಬಿಣದ ಮುಚ್ಚಳ ಸಿಕ್ಕಿತು.

ಕೋಣೆಯೊಳಗೆ ಚೇಂಬರ್ ಬಿಡುವ ಮಾತೇ ಇಲ್ಲ. ಅದನ್ನು ತೆಗೆದು, ಗೋಡೆಯಿಂದ 3 ಅಡಿ ಆಚೆ ಹೊಸದು ಕಟ್ಟಿ, ಪಕ್ಕದ ಮನೆಯ ಪೈಪನ್ನು ಅಲ್ಲಿಗೆ ಸೇರಿಸುವುದು ಅಂತ ತೀರ್ಮಾನ ಆಯಿತು. ಅವರು "ಅಣ್ಣಾ, ನಮ್ಮ ನೀರು ನಿಲ್ಲಲ್ಲ ಅಲ್ವಾ?" ಅಂತ ಮೂರು ಸಲ ಕೇಳಿದರು. ನಿಂತರೆ ಖರ್ಚು ನನ್ನದು ಅಂತ ಕಾಗದದಲ್ಲೇ ಬರೆದುಕೊಟ್ಟೆ. ಅನುಮತಿ ಕೈಗೆ ಬರುವ ಹೊತ್ತಿಗೆ ನಾಲ್ಕು ತಿಂಗಳು ಆಗಿತ್ತು.

ನನ್ನ ಉಪಾಯ ಇಷ್ಟೇ. ಕೋಣೆಯ ಒಂದು ಇಟ್ಟಿಗೆಯ ಭಾರವೂ ಪೈಪಿಗೆ ತಾಗಬಾರದು. ಆರು ಪೈಲ್, ಅಂದರೆ ನೆಲ ಕೊರೆದು ಇಳಿಸುವ ಕಾಂಕ್ರೀಟ್ ಕಂಬ, ಒಂದೊಂದೂ 12 ಇಂಚು ಅಗಲ, 12 ಅಡಿ ಆಳ. ಪೈಪಿನ ಈಚೆ ಮೂರು, ಮನೆಯ ಗೋಡೆಯಿಂದ 2 ಅಡಿ ಬಿಟ್ಟು. ಮೂರು ಆಚೆ, ಹೊರಗೋಡೆಯ ಗೆರೆಯಲ್ಲಿ. ತಲೆಗಳನ್ನು ಸೇರಿಸಿ ಸುತ್ತಲೂ ಬೀಮ್. ಪೈಪನ್ನು ದಾಟುವ ಎರಡು ಬೀಮ್‌ಗಳು ಸುಮಾರು 10 ಅಡಿ ಜಿಗಿಯುತ್ತವೆ. ಕಂಬಿಯ ಲೆಕ್ಕವನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರವೇ ಹಾಕಿಸಿದೆ. ಆ ಫೀಸಿನಲ್ಲಿ ಉಳಿತಾಯ ಮಾಡಬೇಡಿ.

ಪೈಲ್ ಆಳಕ್ಕೆ ಇಳಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸಾಲದು. ಪೈಲಿನ ಮೈ ಮಣ್ಣನ್ನು ಹಿಡಿದುಕೊಳ್ಳುತ್ತದಲ್ಲ, ಆ ಹಿಡಿತದಿಂದಲೇ ಮೇಲಿನ ಭಾರದ ಒಂದಷ್ಟು ಪಾಲು ಪೈಪಿನ ಪಕ್ಕದ ಮಣ್ಣಿಗೆ ಇಳಿಯುತ್ತದೆ. ಅದಕ್ಕೇ ಮೇಲಿನ 7 ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆಯ ಎರಡು ಸುತ್ತಿನ ತೋಳು ತೊಡಿಸಿದೆ. ಅಲ್ಲಿ ಮೈ ಜಾರಬೇಕು, ಪೈಪಿನ ತಳ ದಾಟಿದ ಮೇಲೆ ಹಿಡಿಯಬೇಕು. ಕಾಂಕ್ರೀಟ್ ಸುರಿಯುವಾಗ ಆ ಹಾಳೆ ಮುದುಡಿ ಕೆಳಗೆ ಹೋಗದಂತೆ ನಿಲ್ಲಿಸುವುದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಗುಂಡಿ ಹಾಳು ಮಾಡಿಕೊಂಡು ಕಲಿತದ್ದು ಅದು.

ಕೈ ಆಗರಿನಲ್ಲೇ ಗುಂಡಿ ಕೊರೆದೆವು. ದಿನಕ್ಕೆ ಒಂದು, ಒಂದೊಂದು ದಿನ ಮುಕ್ಕಾಲು. ನಾಲ್ಕನೆಯದರಲ್ಲಿ 7 ಅಡಿಗೆ ಬಂಡೆ ಸಿಕ್ಕಿತು. ಅದರ ಮೇಲೇ ಕೂರಿಸೋಣ ಅಂತ ಹುಡುಗರು ಅಂದರು. ಅದು ಬಂಡೆಯ ಹಾಸೋ, ಬಿಡಿ ಗುಂಡೋ ಯಾರಿಗೆ ಗೊತ್ತು? ಪೈಪಿನಿಂದ ದೂರಕ್ಕೆ ಒಂದೂವರೆ ಅಡಿ ಸರಿಸಿ ಹೊಸ ಗುಂಡಿ ಕೊರೆದೆವು. ಬೀಮ್ ಉದ್ದವಾಯಿತು, ಕಂಬಿ ಜಾಸ್ತಿ ಆಯಿತು, ಮತ್ತೆ ಲೆಕ್ಕ ಹಾಕಿಸಬೇಕಾಯಿತು. ಮೂರು ದಿನ ಹೋಯಿತು.

ದೊಡ್ಡ ಏಟು ಬಿದ್ದದ್ದು ಪೈಪಿನ ಮೇಲಿನ ಮಣ್ಣು ತೆಗೆಯುವಾಗ. ಸಂಜೆ 5 ಅಡಿ ತೋಡಿ, ಆಸರೆ ಹಲಗೆ ನಾಳೆ ಕೊಡೋಣ ಅಂತ ಬಿಟ್ಟು ಬಂದೆವು. ರಾತ್ರಿ ಮಳೆ ಬಂತು. ಗುಂಡಿಯ ಒಂದು ಮಗ್ಗುಲು ಕುಸಿದು ಪೈಪಿನ ಮೇಲೆ ಬಿತ್ತು. ಹಳೇ ಜಾಯಿಂಟು ಸಿಮೆಂಟು, ಸಣಬಿನ ನಾರಿನದು. ಅದಕ್ಕೆ ಬಾಗಲು ಬರುವುದಿಲ್ಲ, ಬಾಯಿಬಿಡುವುದಷ್ಟೇ ಗೊತ್ತು. ಬೆಳಗ್ಗೆ ನೋಡಿದರೆ ಗುಂಡಿ ತುಂಬ ಕೊಳಚೆ. ಹೀರುವ ಗಾಡಿ, ತುರ್ತು ರಿಪೇರಿ, ಮೂರು ಮನೆಯವರಿಗೆ ಅರ್ಧ ದಿನ ಬಚ್ಚಲು ಬಂದ್. ಆ ಒಂದು ದಿನದ ಖರ್ಚು ಆರು ಪೈಲಿನ ಕಾಂಕ್ರೀಟಿಗೆ ಸಮ ಆಯಿತು. ಗುಂಡಿಯಲ್ಲಿ ಯಾರೂ ಇರಲಿಲ್ಲ ಅನ್ನುವುದೇ ನನ್ನ ಪುಣ್ಯ. ಅಂದಿನಿಂದ ನನ್ನ ಯಾವ ಕೆಲಸದಲ್ಲೂ 4 ಅಡಿ ದಾಟಿದ ಗುಂಡಿ ಹಲಗೆ ಇಲ್ಲದೆ ಒಂದು ಗಂಟೆಯೂ ನಿಲ್ಲುವುದಿಲ್ಲ.

ಇದಾದ ಮೇಲೆ ಕೋಣೆಯಡಿಯ ಹಳೇ ಪೈಪನ್ನು ಪೂರ್ತಿ ಬದಲಿಸುವುದೇ ಒಳ್ಳೆಯದು ಅಂತ ಕಚೇರಿಯವರೂ ನಾನೂ ಒಪ್ಪಿದೆವು. ಆಚೀಚೆ ಮೂರು ಮೂರು ಅಡಿ ಸೇರಿ ಸುಮಾರು 20 ಅಡಿ. ರಬ್ಬರ್ ರಿಂಗ್ ಕೂರುವ ಪಿವಿಸಿ ಪೈಪು. ಅವರ ಜನರ ಎದುರಿಗೇ ರಾತ್ರಿ ಒಂದರಿಂದ ಐದರೊಳಗೆ ಮುಗಿಸಿದೆವು, ಆಗ ಹರಿವು ತೀರಾ ಕಮ್ಮಿ. ಮೇಲಿನ ಚೇಂಬರಿನಲ್ಲಿ ಗಾಳಿ ತುಂಬುವ ಪ್ಲಗ್ ಕೂರಿಸಿ, ಅಲ್ಲಿಂದ ಕೆಳಗಿನದಕ್ಕೆ ಪಂಪಿನಲ್ಲಿ ನೀರು ದಾಟಿಸಿದೆವು. ಮೊದಲ ಪಂಪು ಅರ್ಧ ಗಂಟೆಗೇ ಬಟ್ಟೆ ಸಿಕ್ಕಿ ನಿಂತಿತು. ಎರಡನೇ ಪಂಪು ತಂದಿಟ್ಟದ್ದಕ್ಕೆ ಬಚಾವಾದೆವು. ಪ್ಲಗ್ ಕೂರಿಸಲು ಯಾರನ್ನೂ ಚೇಂಬರಿಗೆ ಇಳಿಸಲಿಲ್ಲ. ಎಲ್ಲ ಮೇಲಿನಿಂದಲೇ, ಉದ್ದ ಕೋಲಿನಿಂದ. ಕೊಳೆತ ಮೊಟ್ಟೆಯ ವಾಸನೆ ಇಲ್ಲ, ಇಳಿಯಬಹುದು ಅಂತ ಹೇಳುವವರು ಈಗಲೂ ಇದ್ದಾರೆ. ಆ ವಾಸನೆಯ ವಿಷದ ಗ್ಯಾಸ್ ಜಾಸ್ತಿ ಇದ್ದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ನನ್ನ ಕೆಲಸದಲ್ಲಿ ಇಳಿಯುವ ಮಾತೇ ಎತ್ತಬಾರದು.

ಹಳೇ ಪೈಪಿಗೂ ಹೊಸದಕ್ಕೂ ಹೊರಗಿನ ಅಳತೆ ಬೇರೆ. ಎರಡನ್ನೂ ಸಿಮೆಂಟು ಮೆತ್ತಿ ಸೇರಿಸಬೇಡಿ. ಸ್ಟೀಲ್ ಪಟ್ಟಿ ಬಿಗಿಯುವ ರಬ್ಬರ್ ಕಪ್ಲಿಂಗ್ ಬರುತ್ತದೆ, ಎರಡೂ ಅಳತೆ ಹೇಳಿ ತರಿಸಿ. ಸೇರಿಸಿದ ಮೇಲೆ ಒಂದು ಚೇಂಬರಿನಲ್ಲಿ ದೀಪ ಇಳಿಸಿ, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿ ಹಿಡಿದೆ. ಹುಣ್ಣಿಮೆ ಚಂದ್ರನ ಹಾಗೆ ಪೂರ್ತಿ ದುಂಡು ಬೆಳಕು ಕಂಡಿತು. ಅಷ್ಟು ಹೊತ್ತೂ ಮಾತಾಡದೆ ನಿಂತಿದ್ದ ಕಚೇರಿಯ ಸೂಪರ್‌ವೈಸರ್ ತಾವೇ ಬಗ್ಗಿ ಎರಡು ಸಲ ನೋಡಿದರು.

ಹೊರಗೆ ತೆಗೆದ ಹಳೇ ಪೈಪಿನ ತುಂಡುಗಳಲ್ಲಿ ಒಂದು ಪ್ರಯೋಗ ಮಾಡಿದೆ. ಒಳ್ಳೆಯ ಎರಡು ತುಂಡು ಆರಿಸಿದೆ. ಬೆರಳಲ್ಲಿ ತಟ್ಟಿದರೆ ಎರಡೂ ಗಂಟೆಯ ಹಾಗೆ ನಾದ ಕೊಡುತ್ತಿದ್ದವು. ಒಂದನ್ನು ಸಣ್ಣ ಜಲ್ಲಿಯ ಹಾಸಿನ ಮೇಲೆ ಮಲಗಿಸಿದೆ. ಇನ್ನೊಂದರ ಹೊಟ್ಟೆಯಡಿ ಬೇಕಂತಲೇ ಮುಷ್ಟಿ ಗಾತ್ರದ ಕಲ್ಲು ಇಟ್ಟೆ. ಎರಡಕ್ಕೂ ಒಂದಡಿ ಮಣ್ಣು ಹಾಕಿ ಒಂದೇ ಸಮ ಮಣ್ಣು ಗಟ್ಟಿಮಾಡುವ ರ‍್ಯಾಮರ್ ಓಡಿಸಿದೆ. ತೆಗೆದು ತಟ್ಟಿದಾಗ ಜಲ್ಲಿಯ ಮೇಲಿನದು ಮೊದಲಿನ ಹಾಗೇ ನುಡಿಯಿತು. ಕಲ್ಲಿನ ಮೇಲಿನದು ಬೊದ್ದು ಸದ್ದು ಮಾಡಿತು, ತಳದಲ್ಲಿ ಉದ್ದಕ್ಕೂ ಸೀಳು. ಆ ಸೀಳು ಪೈಪನ್ನು ಈಗಲೂ ಇಟ್ಟುಕೊಂಡಿದ್ದೇನೆ. ಪೈಪಿನಡಿ ಇಟ್ಟಿಗೆ ಚೂರು ಇಟ್ಟು ಮಟ್ಟ ಮಾಡುವ ಹುಡುಗರಿಗೆ ತೋರಿಸುತ್ತೇನೆ.

ಬೀಮಿನ ತಳಕ್ಕೂ ಮಣ್ಣಿಗೂ ನಡುವೆ 3 ಇಂಚು ಮೆತ್ತನೆ ಜಾಗ ಬೇಕಿತ್ತು, ಮಣ್ಣು ಕುಳಿತರೂ ಉಬ್ಬಿದರೂ ಬೀಮಿಗೆ ತಾಗಬಾರದು ಅಂತ. ಅದಕ್ಕೂ ಎರಡು ಬಗೆ ನೋಡಿದೆ. ರಟ್ಟಿನ ಪೆಟ್ಟಿಗೆ ಮಡಿಚಿ ಹಾಕಿದೆ, ಕಾಂಕ್ರೀಟಿನ ನೀರಿಗೇ ನೆನೆದು ಅಪ್ಪಚ್ಚಿಯಾಯಿತು. ಗಟ್ಟಿ ಥರ್ಮಾಕೋಲ್ ಹಾಕಿದೆ, ಅದು ಕುಗ್ಗುವುದೇ ಇಲ್ಲ. ಕೊನೆಗೆ ಹಿಡಿಸಿದ್ದು ಎರಡು ಸಾಮಾನಿನ ಜೋಡಿ. ಯಾವುವು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಮ್ಮ ಹಳೇ ಬಚ್ಚಲಿನ 4 ಇಂಚಿನ ಪೈಪು ಮಾತ್ರ ಮೇಲುಮಟ್ಟದಲ್ಲಿ ಬೀಮನ್ನು ತೂರಿ ಹೋಗಬೇಕಿತ್ತು. ಸುತ್ತ 2 ಇಂಚು ಸಂದು ಬಿಟ್ಟೆ. ಬೀಮಿನ ಎರಡೂ ಕಡೆ ಎರಡಡಿಯ ತುಂಡು ಪೈಪು ಕೊಟ್ಟು, ಜಾಯಿಂಟು ಅಲ್ಲೇ ಬರುವಂತೆ ನೋಡಿಕೊಂಡೆ. ಆಗ ಕಟ್ಟಡ ಒಂದು ನೂಲು ಕುಳಿತರೂ ಪೈಪು ಬಾಗಿಕೊಳ್ಳುತ್ತದೆ. ಇಲಿ ಬರದಂತೆ ಸಂದಿಗೆ ಎರಡೂ ಕಡೆ ಹಲಗೆ ಹೊಡೆದು ಮುಚ್ಚಿದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ನೆನಪಿನಿಂದ ಹೇಳುತ್ತಿರುವುದು, ಸ್ವಲ್ಪ ಆಚೀಚೆ ಇರಬಹುದು. ಕೋಣೆಯ ಒಟ್ಟು ಖರ್ಚು ನೂರು ಅಂತಿಟ್ಟುಕೊಂಡರೆ ನೆಲದೊಳಗೆ ಹೋದದ್ದು 38. ಅದರಲ್ಲಿ ಪೈಲು, ಬೀಮು 17. ಹೊಸ ಚೇಂಬರು, ಪೈಪು, ಪಂಪು ಸೇರಿ 9. ಅನುಮತಿ, ಸರ್ವೆ, ಎಂಜಿನಿಯರ್ 5. ಉಳಿದ 7 ನನ್ನ ತಪ್ಪುಗಳಿಗೆ ಕೊಟ್ಟದ್ದು. ಕ್ಯಾಮೆರಾ ಮೊದಲ ದಿನವೇ ಬಿಡಿಸಿ, ಹಲಗೆ ಆ ಸಂಜೆಯೇ ಕೊಟ್ಟಿದ್ದರೆ ಈ 7ರಲ್ಲಿ 5 ಉಳಿಯುತ್ತಿತ್ತು.

ಹೊಸ ಕೋಣೆಗೂ ಹಳೇ ಮನೆಗೂ ನಡುವೆ ಜಾಯಿಂಟು ಬಿಟ್ಟು, ಅದರ ಮೇಲೆ ಮೂರು ಕಡೆ ಗಾಜಿನ ಪಟ್ಟಿ ಅಂಟಿಸಿದ್ದೇನೆ. ಗೋಡೆ ಸ್ವಲ್ಪ ಕದಲಿದರೂ ಗಾಜು ಒಡೆಯಬೇಕು. ಮೊದಲ ಮಳೆಗಾಲ ಮುಗಿದ ಮೇಲೆ ಆ ಹಿರಿಯ ಮೇಸ್ತ್ರಿ ಬಂದಿದ್ದರು. ಮೂರೂ ಪಟ್ಟಿಯ ಮೇಲೆ ಉಗುರು ಎಳೆದು ನೋಡಿದರು. ಹೊರಗೆ ಹೋಗಿ ಚೇಂಬರಿನ ಮುಚ್ಚಳ ಎತ್ತಿಸಿ ನೀರು ಹರಿಯುವುದನ್ನು ನೋಡಿದರು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಪ್ಲಾಸ್ಟಿಕ್ಕನ್ನ ಹೆಂಗಪ್ಪಾ ನಿಲ್ಲಿಸಿದೆ?" ಅವರಿಗೆ ಹೇಳಿದೆ.